ಎಡಚಿಯ ಇಂಗ್ಲಿಷ್ ಹಾಳೆಗಳು

ಜನವರಿ 9

ಎಡಚಿ ಮಹಾರಾಣಿಯವರ ಸನ್ನಿಧಾನಕ್ಕೆ,

ನಿನ್ನ ಕಾಗದ ಬಂತು. ಎಂದಿನಂತೆ ನಿನ್ನಮ್ಮನೇ ಒಡೆದಳು, ತಾನೇ ಮೊದಲು ಓದಿದಳು, ಎದುರು ಮನೆಯವಳಿಗೂ ಓದಿ ಹೇಳಿದಳು. ಎಲ್ಲರದೂ ಆದ ಮೇಲೆ ಹಾಳೆ ನನ್ನ ಕೈಗೆ ಬಂತು. ಫೋನಿನಲ್ಲಿ ನೀವಿಬ್ಬರೂ ಹರಟುವಾಗ ನನಗೆ ಕಾಣಿಸುವುದು ಅವಳ ತುಟಿ ಅಲ್ಲಾಡುವುದು ಮಾತ್ರ. ಈ ಕಿವಿ ಇನ್ನು ರಿಪೇರಿಯಾಗುವ ಹಾಗಿಲ್ಲ, ಆದ್ದರಿಂದ ನನ್ನ ಪಾಠವೆಲ್ಲ ಅಂಚೆಯಲ್ಲೇ.

ಆ ಪರದೇಶದ ಆಸ್ಪತ್ರೆಯ ಲಾಂಡ್ರಿಯಿಂದ ರೋಗಿಗಳ ವಾರ್ಡಿಗೆ ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು ಅಂತ ಬರೆದಿದ್ದೀಯ. ಆಗೋಣ, ಅದಕ್ಕೇನಂತೆ! ಜೂನ್ ಮೊದಲ ವಾರ ತಾನೆ? ನನ್ನ ಹತ್ತಿರ ಮನೆಪಾಠಕ್ಕೆ ಬರುವ ಎಂಟು ಜನರಲ್ಲಿ ನಿನ್ನ ಅರ್ಧದಷ್ಟು ತಲೆ ಇರುವವರೂ ಇಲ್ಲ. ಪರೀಕ್ಷೆ ಮಾಡುವವರಿಗೆ ಒಂದು ಚಟವಿದೆ. ಕಿವಿಗೆ ಒಡಹುಟ್ಟಿದವರಂತೆ ಕೇಳಿಸಿ, ಅರ್ಥದಲ್ಲಿ ಒಬ್ಬರ ಮುಖ ಒಬ್ಬರು ನೋಡದಂಥ ಜೋಡಿಗಳನ್ನೇ ಹುಡುಕಿ ಹುಡುಕಿ ಕೊಡುತ್ತಾರೆ. ಅವನ್ನು ಹಿಡಿದುಬಿಟ್ಟರೆ ಮುಗಿಯಿತು.

ಮೊದಲ ಜೋಡಿ 'ಯೂಸ್ಡ್ ಟು' ಮತ್ತು 'ಆಮ್ ಯೂಸ್ಡ್ ಟು'. ಮೊದಲು ಇತ್ತು, ಈಗಿಲ್ಲ ಅನ್ನುವುದಕ್ಕೆ ಬರೀ 'ಯೂಸ್ಡ್ ಟು'. ರೂಢಿಯಾಗಿಬಿಟ್ಟಿದೆ ಅನ್ನುವುದಕ್ಕೆ 'ಆಮ್ ಯೂಸ್ಡ್ ಟು', ಆಗ ಮುಂದಿನ ಕ್ರಿಯಾಪದಕ್ಕೆ 'ಇಂಗ್' ಅನ್ನುವ ಬಾಲ ಬೇಕು. 'ಐ ಯೂಸ್ಡ್ ಟು ಹಿಯರ್ ವೆಲ್' ಅಂದರೆ ನನಗೂ ಒಂದು ಕಾಲದಲ್ಲಿ ಕಿವಿ ಚೆನ್ನಾಗಿ ಕೇಳುತ್ತಿತ್ತು. 'ಐ ಆಮ್ ಯೂಸ್ಡ್ ಟು ಲಿವಿಂಗ್ ಇನ್ ಸೈಲೆನ್ಸ್' ಅಂದರೆ ಸದ್ದಿಲ್ಲದೆ ಬದುಕುವುದೇ ಈಗ ರೂಢಿ.

ನಮ್ಮ ಏರ್ಪಾಡು ಹೀಗಿರಲಿ. ಕನ್ನಡದ ಕಾಗದ ಎಲ್ಲರಿಗೂ, ಇಂಗ್ಲಿಷ್ ಹಾಳೆ ನನಗೆ ಮಾತ್ರ. ನಿನ್ನಮ್ಮನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದ ಕಾರಣ ಅದನ್ನಾದರೂ ಮಡಿಕೆ ಬಿಚ್ಚದೆ ಕೊಟ್ಟಾಳು. ಹಾಳೆಯಲ್ಲಿ ಬರೆಯುವುದು ನಿಜವೇ ಆಗಬೇಕಿಲ್ಲ. ಸುಳ್ಳೇ ಹೇಳು, ಆದರೆ ತಪ್ಪಿಲ್ಲದೆ ಹೇಳು.

ಇನ್ನೊಂದು ಮಾತು. ನಿನ್ನಮ್ಮನ ಎದೆಯ ವಿಷಯದಲ್ಲಿ ಡಾಕ್ಟರು ಮತ್ತೆ ಎಚ್ಚರಿಸಿದ್ದಾರೆ. ನಿನ್ನಪ್ಪ ಹೋದ ಸುದ್ದಿ ಕೇಳಿ ನೆಲಕ್ಕೆ ಬಿದ್ದವಳು ಇನ್ನೂ ಪೂರ್ತಿ ಎದ್ದಿಲ್ಲ. ಗಾಬರಿಯಾಗುವಂಥದ್ದೇನೂ ಕಾಗದದಲ್ಲಿ ಬರಕೂಡದು. ನೋಡಿಕೊಂಡು ಬರೆ.

ನಿನ್ನ ಕಿವುಡು ಮಾವ


ಫೆಬ್ರವರಿ 2

ಅಮ್ಮನಿಗೂ ಮಾವನಿಗೂ,

ನಾನು ಚೆನ್ನಾಗಿದ್ದೇನೆ. ಈಗ ಕೊಠಡಿಯಲ್ಲಿ ಮೂವರಿದ್ದೇವೆ. ಹೊಸದಾಗಿ ಬಂದವಳು ಗೊರಕೆ ಹೊಡೆಯಲು ಶುರು ಮಾಡಿದರೆ ಕೆಳಗಿನ ಉಗ್ರಾಣದ ಕಾವಲುಗಾರನೂ ಎದ್ದು ಕೂರುತ್ತಾನಂತೆ. ಅವಳಿಗೆ 'ಬಾಯ್ಲರು' ಅಂತ ಹೆಸರಿಟ್ಟಿದ್ದೇವೆ. ಮನಸ್ಸು ಮಾತ್ರ ಬೆಣ್ಣೆ. ನನ್ನ ಬಕೆಟ್ಟನ್ನೂ ಅವಳೇ ಎತ್ತಿಕೊಡುತ್ತಾಳೆ.

ಅಮ್ಮ, ದಿಂಬಿನ ಕವರಿನ ಕಸೂತಿ ಎಲ್ಲಿಗೆ ಬಂತು ಅಂತ ಫೋನಿನಲ್ಲಿ ಕೇಳಿದೆಯಲ್ಲ. ಅರ್ಧದಲ್ಲೇ ಇದೆ. ಪುರಸೊತ್ತೇ ಸಿಗುತ್ತಿಲ್ಲ. ಲಾಂಡ್ರಿಯಲ್ಲಿ ನನ್ನನ್ನು ಒದ್ದೆ ಬಟ್ಟೆಯ ಕಡೆಗೆ ಹಾಕಿದ್ದಾರೆ. ಮಷೀನಿನಿಂದ ನೆನೆದ ಬೆಡ್‌ಶೀಟುಗಳನ್ನು ಎಳೆದು ಗಾಡಿಗೆ ತುಂಬುವುದು. ತೋಳಿಗೆ ಒಳ್ಳೆಯ ವ್ಯಾಯಾಮ. ನೀನು ಮಾತ್ರೆ ತಪ್ಪಿಸಬೇಡ.

ಮಾವ, ನಿಮ್ಮ ಹಾಳೆ ಬೇರೆ ಇಟ್ಟಿದ್ದೇನೆ.

(ಇಂಗ್ಲಿಷ್ ಹಾಳೆ)
ಐ ಯೂಸ್ಡ್ ಟು ಹೋಲ್ಡ್ ಎ ನೀಡಲ್ ಇನ್ ಮೈ ಲೆಫ್ಟ್ ಹ್ಯಾಂಡ್. ನೌ ಐ ಡು ನಾಟ್ ಫೀಲ್ ದ ನೀಡಲ್. ಐ ಆಮ್ ಯೂಸ್ಡ್ ಟು ಡ್ರಾಪ್ ಥಿಂಗ್ಸ್. ಪ್ಲೀಸ್ ಡು ನಾಟ್ ಟೆಲ್ ಮದರ್.


ಫೆಬ್ರವರಿ 20

ಎಡಚಿ,

ಮೊದಲ ವಾಕ್ಯಕ್ಕೆ ಹತ್ತಕ್ಕೆ ಹತ್ತು. ಎಡಗೈಯಲ್ಲಿ ಸೂಜಿ ಹಿಡಿಯುತ್ತಿದ್ದೆ, ಈಗ ಹಿಡಿಯುವುದಿಲ್ಲ, ಸೂಜಿ ಕೈಗೆ ತಾಕಿದ್ದೂ ತಿಳಿಯುವುದಿಲ್ಲ. ಇದನ್ನೇ ನಾನು ಹೇಳಿದ್ದು. ಆದರೆ ಮೂರನೆಯದರಲ್ಲಿ ಬಾಲ ಕತ್ತರಿಸಿಬಿಟ್ಟೆ. ವಸ್ತುಗಳನ್ನು ಬೀಳಿಸುವುದು ನನಗೆ ರೂಢಿಯಾಗಿದೆ ಅನ್ನಬೇಕಾದರೆ 'ಡ್ರಾಪ್' ಅಲ್ಲ, 'ಡ್ರಾಪಿಂಗ್'. ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆಯನ್ನು ಇದರ ಜೊತೆಗೇ ಕಳಿಸಬೇಕೆಂದಿದ್ದೆ, ಆದರೆ ನನ್ನಲ್ಲೇ ಇರಲಿ. ಮುಂದಿನ ವರ್ಷದ ಮಕ್ಕಳಿಗೆ ತೋರಿಸಬಹುದು.

ಕಲ್ಪನೆ ಚೆನ್ನಾಗಿದೆ. ಅಮ್ಮನಿಗೆ ಹೇಳಬೇಡಿ ಅಂತ ಸೇರಿಸಿದ್ದಂತೂ ಭಲೇ! ಓದುವವನಿಗೆ ಒಂದು ಕ್ಷಣ ಎದೆ ಧಸಕ್ಕೆನ್ನಬೇಕು, ಹಾಗೆ ಬರೆದಿದ್ದೀಯ. ಅದನ್ನು ನೋಡಿ ನನಗೊಂದು ಉಪಾಯ ಹೊಳೆಯಿತು. ಬಿಡಿಬಿಡಿಯಾಗಿ ಬರೆಯುವ ಬದಲು ಒಂದು ಕಥೆಯನ್ನೇ ಮುಂದುವರಿಸು. ಒಬ್ಬ ಹುಡುಗಿ, ಅವಳ ಕೈ. 'ಐ' ಅನ್ನುವ ಬದಲು 'ಶೀ' ಅಂತ ಬರೆ. ಪರೀಕ್ಷೆಯಲ್ಲಿ ಪ್ರಬಂಧಕ್ಕೂ ಅದೇ ಉಪಯೋಗಕ್ಕೆ ಬರುತ್ತದೆ.

ಈ ಸಲದ ಜೋಡಿ 'ಆನ್ ಟೈಮ್' ಮತ್ತು 'ಇನ್ ಟೈಮ್'. ಬಸ್ಸು ಹೇಳಿದ ಗಂಟೆಗೆ ಸರಿಯಾಗಿ ಬಂದರೆ 'ಆನ್ ಟೈಮ್'. ಕೆಡುವ ಮೊದಲು, ಮುಳುಗುವ ಮೊದಲು, ಕೈಮೀರುವ ಮೊದಲು ಬಂದರೆ 'ಇನ್ ಟೈಮ್'. ಮೊದಲನೆಯದು ಗಡಿಯಾರದ ವಿಷಯ, ಎರಡನೆಯದು ಪುಣ್ಯದ ವಿಷಯ. ನನ್ನ ಎಂಟೂ ಜನ ಇದರಲ್ಲಿ ಮುಗ್ಗರಿಸಿದರು.

ಮಾವ


ಮಾರ್ಚ್ 14

ಅಮ್ಮ, ಮಾವ,

ಎಲ್ಲ ಕ್ಷೇಮ. ಪರೀಕ್ಷೆಗೆ ಹೆಸರು ಕೊಟ್ಟೆ. ಪಾಸಾದರೆ ವಾರ್ಡಿನ ಕೆಲಸ. ಆಗಲಿ ಬಿಡಲಿ, ಜೂನ್ ಕೊನೆಗೆ ಎಲ್ಲರಿಗೂ ಹೊಸ ಒಪ್ಪಂದ. ಅದಕ್ಕೆ ಸಹಿ ಹಾಕಿದರೆ ಮೂರು ವರ್ಷ ಅಲ್ಲಾಡುವ ಹಾಗಿಲ್ಲ.

ಅಮ್ಮ, ಬಾಯ್ಲರು ಊರಿಗೆ ಹೋದಳು! ನಾವಾಗಿ ಕೇಳಿದರೆ ಇಲ್ಲಿ ಬಿಡುವುದಿಲ್ಲ, ನಮ್ಮ ಕಾಗದಪತ್ರವೆಲ್ಲ ಆಫೀಸಿನಲ್ಲೇ ಇರುತ್ತವೆ. ಆದರೆ ಮನೆಯ ಹಿರಿಯರು ಯಾರಾದರೂ 'ಹುಡುಗಿ ಮನೆಗೆ ಬೇಕು, ಕಳಿಸಿಕೊಡಿ' ಅಂತ ಒಂದು ಕಾಗದ ಬರೆದರೆ ಮರುಮಾತಿಲ್ಲದೆ ಕಳಿಸುತ್ತಾರೆ. ಅವಳ ದೊಡ್ಡಪ್ಪ ಬರೆದಿದ್ದರು. ಅಂಥ ಕಾಗದ ಹೊಸ ಒಪ್ಪಂದಕ್ಕೆ ಮುಂಚೆ, ಮೇ ಮುಗಿಯುವುದರೊಳಗೆ ಬಂದರೆ ಮಾತ್ರ. ಈಗ ಕೊಠಡಿಯಲ್ಲಿ ಗೊರಕೆಯಿಲ್ಲದೆ ನನಗೇ ನಿದ್ದೆ ಬರುತ್ತಿಲ್ಲ. ನನ್ನ ಬಕೆಟ್ಟನ್ನು ನಾನೇ ಎತ್ತಿಕೊಳ್ಳುತ್ತೇನೆ.

(ಇಂಗ್ಲಿಷ್ ಹಾಳೆ)
ಶೀ ಗೋಸ್ ಟು ವರ್ಕ್ ಆನ್ ಟೈಮ್ ಎವ್ರಿ ಡೇ. ದ ಡಾಕ್ಟರ್ ಸಾ ಹರ್ ಹ್ಯಾಂಡ್. ದ ನರ್ವ್ ಇನ್ ಹರ್ ನೆಕ್ ಈಸ್ ಪ್ರೆಸ್ಡ್. ಇಫ್ ಶೀ ಸ್ಟಾಪ್ಸ್ ಲಿಫ್ಟಿಂಗ್ ಬಿಫೋರ್ ಜೂನ್, ಇಟ್ ವಿಲ್ ಬೀ ಇನ್ ಟೈಮ್. ಆಫ್ಟರ್ ದಟ್ ನೋ ಡಾಕ್ಟರ್ ಕ್ಯಾನ್ ಹೆಲ್ಪ್.


ಏಪ್ರಿಲ್ 3

ಎಡಚಿ,

ಸಬಾಷ್! ಒಂದೇ ಒಂದು ತಪ್ಪಿಲ್ಲ. ಕೆಂಪು ಪೆನ್ನು ಮೇಜಿನ ಮೇಲೆ ಮುಚ್ಚಳ ತೆಗೆಯದೆ ಬಿದ್ದಿತ್ತು. ದಿನಾ ಸರಿಯಾದ ಗಂಟೆಗೆ ಕೆಲಸಕ್ಕೆ ಹೋಗುತ್ತಾಳೆ ಅನ್ನುವಲ್ಲಿ 'ಆನ್ ಟೈಮ್'. ಕುತ್ತಿಗೆಯ ನರ ಒತ್ತಿದೆ, ಜೂನಿನ ಮೊದಲು ಭಾರ ಎತ್ತುವುದನ್ನು ಬಿಟ್ಟರೆ ಕೈ ಉಳಿಯುತ್ತದೆ, ಆಮೇಲೆ ಯಾವ ಡಾಕ್ಟರಿಂದಲೂ ಆಗದು ಅನ್ನುವಲ್ಲಿ 'ಇನ್ ಟೈಮ್'. ಎರಡೂ ಒಂದೇ ಹುಡುಗಿಯ ಬಾಳಿನಲ್ಲಿ, ಅದೂ ಒಂದಕ್ಕೊಂದು ಎದುರಾಗಿ! ನಲವತ್ತು ವರ್ಷ ಪಾಠ ಹೇಳಿದ್ದೇನೆ, ಇಂಥ ಉದಾಹರಣೆ ನನಗೇ ಹೊಳೆದಿರಲಿಲ್ಲ. ವಾಚನಾಲಯದಲ್ಲಿ ನಾಲ್ಕು ಜನರಿಗೆ ಓದಿ ತೋರಿಸಿದೆ. 'ಯಾರ್ರೀ ಈ ಹುಡುಗಿ?' ಅಂದರು. 'ನನ್ನ ಸೋದರ ಸೊಸೆ' ಅಂತ ಎದೆ ಉಬ್ಬಿಸಿಕೊಂಡು ಬಂದೆ.

ಅಕ್ಷರ ಮಾತ್ರ ದಿನೇ ದಿನೇ ಹದಗೆಡುತ್ತಿದೆ. ಮೊದಲೇ ಎಡಗೈ ಬರಹ, ಶಾಯಿಯ ಮೇಲೆ ಅಂಗೈ ಒರೆಸಿಕೊಂಡು ಹೋಗುವವಳು ನೀನು. ಈಗ ಗೆರೆ ಬಿಟ್ಟು ಜಾರುತ್ತಿದೆ. ಪರೀಕ್ಷೆ ತಿದ್ದುವವರು ನಿನ್ನ ಮಾವನಲ್ಲ, ನೆನಪಿರಲಿ. ದಿನಾ ಒಂದು ಪುಟ ಕಾಪಿ ಬರೆ.

ಈ ಸಲ 'ಸೆಂಡ್' ಮತ್ತು 'ಸೆಂಡ್ ಫಾರ್'. ಮೊದಲನೆಯದು ಕಳಿಸುವುದು, ಎರಡನೆಯದು ಕರೆಸಿಕೊಳ್ಳುವುದು. ಒಂದು ಪುಟ್ಟ 'ಫಾರ್' ಸೇರಿದರೆ ಹೋಗುವವಳು ಬರುವವಳಾಗುತ್ತಾಳೆ.

ಮಾವ


ಏಪ್ರಿಲ್ 25

ಅಮ್ಮ,

ಫೋನಿನಲ್ಲಿ ನಿನ್ನ ದನಿ ಕೇಳಿ ಸಮಾಧಾನವಾಯಿತು. ಇಲ್ಲಿ ಹೊಸದೇನೂ ಇಲ್ಲ. ಮಾವನಿಗೆ ಹಾಳೆ ಇದೆ. ಅವರಿಗೆ ಕೊಟ್ಟುಬಿಡು. ಇವತ್ತೇ ಓದಲು ಹೇಳು.

(ಇಂಗ್ಲಿಷ್ ಹಾಳೆ)
ದೇ ಸೆಂಟ್ ಹರ್ ಟು ವರ್ಕ್ ಫಾರ್ ಅವೇ. ಶೀ ಹ್ಯಾಸ್ ಒನ್ ಅಂಕಲ್. ಓನ್ಲಿ ಹೀ ಕ್ಯಾನ್ ಸೆಂಡ್ ಫಾರ್ ಹರ್. ಒನ್ ಲೆಟರ್ ಟು ದ ಹಾಸ್ಪಿಟಲ್ ಈಸ್ ಎನಫ್. ಹೀ ಮಸ್ಟ್ ರೈಟ್ ಬಿಫೋರ್ ದ ಎಂಡ್ ಆಫ್ ಮೇ. ಹೀ ಈಸ್ ಎ ಗುಡ್ ಮ್ಯಾನ್ ಬಟ್ ಹೀ ಹ್ಯಾಸ್ ನಾಟ್ ರಿಟನ್. ಅಂಕಲ್, ದಿಸ್ ಈಸ್ ನಾಟ್ ಎಕ್ಸರ್ಸೈಜ್.


ಮೇ 12

ಎಡಚಿ,

'ಸೆಂಡ್ ಫಾರ್' ಸರಿಯಾಗಿ ಕೂತಿದೆ. ಕೊನೆಯ ವಾಕ್ಯದಲ್ಲಿ 'ಎಕ್ಸರ್ಸೈಜ್'ಗೆ ಮುಂಚೆ 'ಆ್ಯನ್' ಎಲ್ಲಿ ಹೋಯಿತು? ಇಷ್ಟು ಒಳ್ಳೆಯ ವಾಕ್ಯ ಕಟ್ಟಿ ಬಾಗಿಲಲ್ಲೇ ಎಡವುವುದೇ? ಪಾತ್ರ ಕಥೆಯಿಂದ ಎದ್ದುಬಂದು 'ಮಾವ, ಇದು ಅಭ್ಯಾಸವಲ್ಲ' ಅಂತ ಓದುಗನನ್ನೇ ಕರೆಯುವುದು ಹೊಸ ಬಗೆ. ಆ ಬಾಯ್ಲರಿನ ದೊಡ್ಡಪ್ಪನ ಸಂಗತಿಯನ್ನೂ ಜಾಣತನದಿಂದ ಸೇರಿಸಿದ್ದೀಯ. ನಿಜ ಹೇಳುತ್ತೇನೆ, ಓದಿದಾಗ ನನಗೇ ಗಾಬರಿಯಾಯಿತು. ನಿನ್ನಮ್ಮನನ್ನು ಕೇಳಿದೆ, 'ಹುಡುಗಿ ಫೋನಿನಲ್ಲಿ ಹೇಗಿದ್ದಾಳೆ?' ಅಂತ. 'ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ಲು' ಅಂದಳು. ನಿರಾಳವಾಯಿತು.

ಕಥೆಯ ಬಗ್ಗೆ ಒಂದು ತಕರಾರಿದೆ. ಆ ಮಾವನ ಪಾತ್ರ ನಂಬುವ ಹಾಗಿಲ್ಲ. ಒಳ್ಳೆಯ ಮನುಷ್ಯ ಅನ್ನುತ್ತೀಯ, ಒಂದು ಕಾಗದ ಬರೆದರೆ ಸಾಕು ಅನ್ನುತ್ತೀಯ, ಆದರೂ ಅವನು ಬರೆಯುವುದಿಲ್ಲ. ಯಾಕೆ? ಒಳ್ಳೆಯವನಾಗಿದ್ದರೆ ಇಷ್ಟು ಹೊತ್ತಿಗೆ ಬರೆದಿರುತ್ತಿದ್ದ. ಒಂದೋ ಅವನನ್ನು ಕೆಟ್ಟವನನ್ನಾಗಿ ಮಾಡು, ಇಲ್ಲವೇ ಸಾಯಿಸು.

ಪರೀಕ್ಷೆ ಹತ್ತಿರ ಬಂತು, ಇನ್ನು ಕಥೆ ಸಾಕು. ಕೊನೆಯ ಜೋಡಿ 'ಅಟ್ ದಿ ಎಂಡ್' ಮತ್ತು 'ಇನ್ ದಿ ಎಂಡ್'. ಬೀದಿಯ ತುದಿ, ಪುಟದ ತುದಿ, ತಿಂಗಳ ತುದಿಗೆ ಮೊದಲನೆಯದು. ಏನೆಲ್ಲ ಆಗಿ ಕಡೆಗೆ ಏನಾಯಿತು ಅನ್ನುವುದಕ್ಕೆ ಎರಡನೆಯದು. ನನ್ನ ಶಿಷ್ಯೆ ವಾರ್ಡಿಗೆ ಹೋದಳು ಅಂತ ನಾಲ್ಕು ಜನರ ಮುಂದೆ ಹೇಳಬೇಕು ಅನ್ನುವ ಆಸೆ ನನಗೆ. ಮರ್ಯಾದೆ ಉಳಿಸು.

ಮಾವ


ಜೂನ್ 6

ಅಮ್ಮ, ಮಾವ,

ಪರೀಕ್ಷೆ ಮುಗಿಯಿತು. ಹೇಳಿಕೊಟ್ಟದ್ದೆಲ್ಲ ಬಂದಿತ್ತು. ಈ ಸಲ ಹಾಳೆ ಇಲ್ಲ.


ಜೂನ್ 28

ಅಮ್ಮ, ಮಾವ,

ಪಾಸಾದೆ. ಲಾಂಡ್ರಿಯಿಂದ ಕೂತ ಹನ್ನೊಂದು ಜನರಲ್ಲಿ ಪಾಸಾದವಳು ನಾನೊಬ್ಬಳೇ. ಪರೀಕ್ಷೆ ತಿದ್ದಿದವರು 'ಯಾರು ಹೇಳಿಕೊಟ್ಟರು?' ಅಂತ ವಿಚಾರಿಸಿದರು. ಮಾವನ ಹೆಸರು ಹೇಳಿದೆ. ನಿನ್ನೆ ಹೊಸ ಒಪ್ಪಂದಕ್ಕೆ ಸಹಿಯಾಯಿತು. ಅಮ್ಮ, ಎದುರು ಮನೆಯವರಿಗೂ ಹೇಳು.

(ಇಂಗ್ಲಿಷ್ ಹಾಳೆ)
ಅಟ್ ದಿ ಎಂಡ್ ಆಫ್ ದ ಪೇಪರ್ ಶೀ ಸೈನ್ಡ್ ವಿತ್ ಹರ್ ರೈಟ್ ಹ್ಯಾಂಡ್. ಇನ್ ದಿ ಎಂಡ್ ದಿ ಅಂಕಲ್ ಡಿಡ್ ನಾಟ್ ರೈಟ್.


ಜುಲೈ 15

ನನ್ನ ಮಗಳೇ,

ಹೇಗೆ ಶುರು ಮಾಡಲಿ ಗೊತ್ತಾಗುತ್ತಿಲ್ಲ.

ನಿನ್ನ ಕಾಗದ ಬಂದ ದಿನ ನಾನು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಮನೆಗೆ ಬಂದರೆ ನಿನ್ನಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತಿದ್ದಳು. ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು. 'ಅಣ್ಣ, ಇದು ಅವಳು ಬರೆದಿದ್ದಲ್ಲ. ನೋಡು, ಎಲ್ಲೂ ಶಾಯಿ ಒರೆಸಿಲ್ಲ. ಬಲಗೈಲಿ ಬರೆದಿದಾರೆ. ಅವಳ ಕೈಗೆ ಏನಾಗಿದೆ?'

ಏನೂ ಆಗಿಲ್ಲ, ಗೆಳತಿಯಿಂದ ಬರೆಸಿರಬೇಕು ಅಂದೆ. ಅಂದವನು ಕೋಣೆಗೆ ಹೋಗಿ ನಿನ್ನ ಹಾಳೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ಮೊದಲ ಬಾರಿಗೆ ಪೆನ್ನು ಹಿಡಿಯದೆ ಓದಿದೆ. ಸೂಜಿ, ಡಾಕ್ಟರು, ಜೂನ್, ಒಂದು ಕಾಗದ ಬರೆಯಿರಿ ಮಾವ, ಬಲಗೈಯಲ್ಲಿ ಹಾಕಿದ ಸಹಿ, ಕಡೆಗೂ ಬರೆಯದ ಮಾವ. ತಪ್ಪಿದ್ದಲ್ಲೆಲ್ಲ ನನ್ನ ಕೆಂಪು ಗೀಟು. ನೀನು ಉಸಿರು ಕಟ್ಟಿ ಕೂಗುತ್ತಿದ್ದೆ, ನಾನು 'ಆ್ಯನ್' ಹುಡುಕುತ್ತಿದ್ದೆ.

ನನ್ನ ಬಳಿ ಎಂಟು ಜನ ಮಕ್ಕಳೂ ಇಲ್ಲ, ಇಬ್ಬರೂ ಇಲ್ಲ. ಕಿವುಡನ ಹತ್ತಿರ ಯಾರು ಮಕ್ಕಳನ್ನು ಕಳಿಸುತ್ತಾರೆ? ಎರಡು ವರ್ಷದಿಂದ ನನಗಿದ್ದ ವಿದ್ಯಾರ್ಥಿ ನೀನೊಬ್ಬಳೇ. ಆ ಹಾಳೆ ಬರುವುದನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆ. ನೀನು ವಾಪಸ್ ಬಂದುಬಿಟ್ಟರೆ ಅದೂ ನಿಲ್ಲುತ್ತದೆ ಅಂತ ಒಳಗೊಳಗೇ ಅನಿಸಿತ್ತೋ ಏನೋ. ನನ್ನನ್ನು ನಾನೇ ನಂಬಲಾರೆ.

ಆಸ್ಪತ್ರೆಯ ಆಫೀಸಿಗೆ ಕಾಗದ ಬರೆದು ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ಹುಡುಗಿ ಮನೆಗೆ ಬೇಕು, ಕೂಡಲೇ ಕಳಿಸಿಕೊಡಿ ಅಂತ. ನೀನು ಗಂಟುಮೂಟೆ ಕಟ್ಟಿಕೊ. ಇನ್ನು ಮುಂದೆ ನನಗೆ ವಾಚನಾಲಯದ ವಿಳಾಸಕ್ಕೆ ಬರೆ, ಕನ್ನಡದಲ್ಲಿ ಬರೆ. ಅಲ್ಲಿ ನಿನ್ನಮ್ಮ ಒಡೆಯುವುದಿಲ್ಲ. ಇಷ್ಟು ಸುಲಭದ ಉಪಾಯ ಜನವರಿಯಲ್ಲೇ ನನಗೆ ಹೊಳೆಯಬಾರದಿತ್ತೇ? ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿದೆ.

ಕೈ ಈಗ ಹೇಗಿದೆ? ಅದೊಂದನ್ನು ಬರೆ. ತಪ್ಪಿದ್ದರೂ ಸರಿ, ಅಕ್ಷರ ಹೇಗಿದ್ದರೂ ಸರಿ.

ಮಾವ


ಆಗಸ್ಟ್ 19

ಮಾವ,

ನಿಮ್ಮ ಎರಡೂ ಕಾಗದ ತಲುಪಿದವು. ಆಫೀಸಿಗೆ ಬರೆದದ್ದನ್ನು ನನ್ನನ್ನು ಕರೆಸಿ ತೋರಿಸಿದರು. ಆಫೀಸಿನವಳು ಎರಡು ಸಲ ಓದಿ, 'ಎಷ್ಟು ಒಳ್ಳೆ ಇಂಗ್ಲಿಷು, ಯಾರಿವರು?' ಅಂತ ಕೇಳಿದಳು. ನಮ್ಮ ಮಾವ ಅಂದೆ. ಹೊಸ ಒಪ್ಪಂದ ಆದವರಿಗೆ ಇದು ಲೆಕ್ಕಕ್ಕಿಲ್ಲ ಅಂತ ಹೇಳಿ ಫೈಲಿಗೆ ಸೇರಿಸಿದಳು. ಇನ್ನೊಂದು ಬರೆಯಬೇಡಿ, ಅದೂ ಅಲ್ಲಿಗೇ ಹೋಗುತ್ತದೆ.

ಮೇ ತಿಂಗಳಲ್ಲಿ ನಿಮ್ಮ ಕಾಗದ ಓದಿದ ದಿನ ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದೆ. ಕೊಠಡಿಯಲ್ಲಿ ಯಾರೂ ಇರಲಿಲ್ಲ, ಜೋರಾಗಿಯೇ ಬೈದೆ. ನನ್ನದೂ ತಪ್ಪಿದೆ. ಕನ್ನಡದಲ್ಲಿ ಬರೆದು ಅಂಚೆಗೆ ಹಾಕಲು ಒಂದು ಸಲ ಹೋಗಿದ್ದೆ. ಅಮ್ಮ ಓದಿ ಅಲ್ಲೇ ಕುಸಿದುಬಿದ್ದರೆ ಅಂತ ಹೆದರಿ ಡಬ್ಬಿಯ ಮುಂದೆಯೇ ಹರಿದು ಹಾಕಿದೆ. ಈಗ ಬೈಯಲು ಕೋಪವೂ ಉಳಿದಿಲ್ಲ ಮಾವ. ಮನೆಗೆ ಬರಬೇಕು ಅಂತ ಅನಿಸುವುದೂ ಕಡಿಮೆಯಾಗುತ್ತಿದೆ. ಅದೇ ನನಗೆ ಹೆಚ್ಚು ಭಯ.

ಕೈ ಕೇಳಿದ್ದೀರಿ. ಮೊಣಕೈಯಿಂದ ಕೆಳಗೆ ಏನೂ ತಿಳಿಯುವುದಿಲ್ಲ. ಬೆರಳು ಮಡಿಚುತ್ತವೆ, ಹಿಡಿಯುವುದಿಲ್ಲ. ಡಾಕ್ಟರು ಇನ್ನು ಬರುವ ಅಗತ್ಯವಿಲ್ಲ ಅಂದರು. ಸಿಟ್ಟಿನಿಂದ ಅಲ್ಲ, ಮೆತ್ತಗೇ ಹೇಳಿದರು.

ವಾರ್ಡಿನಲ್ಲಿ ಒಂಬತ್ತು ದಿನ ಇದ್ದೆ. ಅಲ್ಲಿ ಕಿಟಕಿಗಳಿವೆ, ಗಾಳಿ ಬರುತ್ತದೆ, ರೋಗಿಗಳು ಹೆಸರು ಹಿಡಿದು ಕರೆಯುತ್ತಾರೆ. ನಾನು ಇಂಗ್ಲಿಷಿನಲ್ಲಿ ಸಲೀಸಾಗಿ ಉತ್ತರ ಕೊಡುತ್ತಿದ್ದೆ, ನೀವು ನೋಡಬೇಕಿತ್ತು. ಒಂಬತ್ತನೆಯ ದಿನ ಒಬ್ಬ ಮುದುಕಿಗೆ ಸ್ನಾನ ಮಾಡಿಸುವ ಸರದಿ. ಬಲಗೈಯಲ್ಲಿ ಅವರನ್ನು ಹಿಡಿದುಕೊಂಡಿದ್ದೆ. ನೀರು ಹದವಾಗಿದೆಯೇ ಅಂತ ಹಳೆಯ ರೂಢಿಯಲ್ಲಿ ಎಡಗೈ ಅದ್ದಿ ನೋಡಿದೆ. ಸರಿಯಿದೆ ಅನಿಸಿತು. ಅವರ ಕಾಲು ಇಳಿಸಿದೆ. ಅವರು ಕಿರುಚಿದ್ದು ಮೂರು ಮಹಡಿಗೆ ಕೇಳಿಸಿತಂತೆ. ಪಾದದ ಚರ್ಮ ಸುಲಿದು ಬಂತು. ದಿನಾ ಹೋಗಿ ಕ್ಷಮಿಸಿ ಅನ್ನುತ್ತೇನೆ, ಅವರು ಗೋಡೆಯ ಕಡೆ ತಿರುಗಿ ಮಲಗುತ್ತಾರೆ.

ಮತ್ತೆ ಲಾಂಡ್ರಿಗೆ ಹಾಕಿದ್ದಾರೆ. ಒಪ್ಪಂದದಲ್ಲಿ 'ಆಸ್ಪತ್ರೆ ಹೇಳಿದ ಯಾವುದೇ ಕೆಲಸ' ಅಂತಿದೆ. ಮೂರು ವರ್ಷವೂ ಇಲ್ಲೇ. ಈ ಸಲ ಒಣಗಿಸುವ ಮಷೀನಿನ ಹತ್ತಿರ ನಿಲ್ಲಿಸಿದ್ದಾರೆ. ಕೆಂಡದಂತೆ ಕಾದ ಬೆಡ್‌ಶೀಟು ಹೊರಗೆ ಬಂದಾಗ ಉಳಿದವರು ಆರಲಿ ಅಂತ ಕಾಯುತ್ತಾರೆ. ನನಗೆ ಕಾಯುವ ಕೆಲಸವಿಲ್ಲ. ಎಡಗೈಗೆ ಸುತ್ತಿಕೊಂಡು ಎಳೆದುಬಿಡುತ್ತೇನೆ. ಮೇಲ್ವಿಚಾರಕಿ ನಿನ್ನೆ ಎಲ್ಲರೆದುರು, 'ಇಡೀ ಲಾಂಡ್ರಿಯಲ್ಲಿ ಇವಳಷ್ಟು ಬೇಗ ಕೆಲಸ ಮಾಡೋರು ಯಾರೂ ಇಲ್ಲ, ಇವಳನ್ನ ನೋಡಿ ಕಲೀರಿ' ಅಂದಳು.

ಅಮ್ಮ ಕೇಳಿದರೆ ಇದನ್ನು ಹೇಳಿ. ಖುಷಿಪಡುತ್ತಾಳೆ.